ನಾನು ಮುಚ್ಚಿಸಿದ ಖಾತೆ

ಪ್ರಮಿಳಾ, ಅಕ್ಕಲಕೋಟೆಯ ಬ್ಯಾಂಕಿನಲ್ಲಿ ನಮ್ಮಪ್ಪ ನಿನ್ನ ಹೆಸರಿಗೆ ತೆರೆದಿದ್ದ ಖಾತೆಯನ್ನು ಮುಚ್ಚಿಬಿಡು ಎಂದು ನಿನಗೆ ಹೇಳಿದವಳು ನಾನು. ಅದು ನಿನಗೆ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಒಂದೇ — ಅದನ್ನು ಮುಚ್ಚಿದರೆ ನಿನಗೆ ಸಾಲ ಸಿಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ಹೇಳಿದೆ.

ಇಷ್ಟನ್ನು ಬರೆದು ಒಂದು ದಿನ ಪೂರ್ತಿ ಪೆನ್ನು ಮುಟ್ಟಲಿಲ್ಲ. ಇವತ್ತು ಮತ್ತೆ ಕೂತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತೇನೆ. ನಡುವೆ ಬಿಟ್ಟು ಬಿಟ್ಟು ಹೇಳಿದರೆ ನನಗೇ ಎಲ್ಲೋ ನುಸುಳಿಕೊಳ್ಳಲು ಜಾಗ ಸಿಕ್ಕೀತು.

ಹೋದ ತಿಂಗಳು ನಿನ್ನ ಮಗ ಪ್ರಶಾಂತ ಸೊಲ್ಲಾಪುರಕ್ಕೆ ಬಂದವನು ನನ್ನ ಮನೆಗೂ ಬಂದಿದ್ದ. ಔಷಧದ ಅಂಗಡಿ ದೊಡ್ಡದು ಮಾಡುತ್ತಾನಂತೆ, ಬ್ಯಾಂಕಿನಲ್ಲಿ ಸಾಲ ಕೇಳಿದ್ದಾನಂತೆ. ಮೊಬೈಲು ತೆಗೆದು ಒಂದು ಅಂಕಿ ತೋರಿಸಿದ. ಅದು ಅವನ ಕ್ರೆಡಿಟ್ ಸ್ಕೋರು. ಕಂತು ಯಾವುದೂ ತಪ್ಪಿಲ್ಲ, ಆದರೂ ಅಂಕಿ ಮೇಲೇರುತ್ತಿಲ್ಲ. ಖಾತೆಗಳೆಲ್ಲ ಹೊಸವು, ಅದಕ್ಕೆ ಎಂದು ಬ್ಯಾಂಕಿನವರು ಹೇಳಿದರಂತೆ. ಅವನ ಹತ್ತಿರ ಹಳೆಯದೆಂದು ಇದ್ದದ್ದು ಒಂದೇ ಕ್ರೆಡಿಟ್ ಕಾರ್ಡು. ಉಪಯೋಗಿಸದೆ ಬಿದ್ದಿದೆ, ಅದನ್ನು ರದ್ದು ಮಾಡಿಬಿಡಬೇಕು ಅಂತಿದ್ದ. ದೊಡ್ಡಮ್ಮನೆಂದು ನನ್ನನ್ನು ಕೇಳಿದ.

"ಮಾವಶಿ, ಈ ಹಳೇ ಕಾರ್ಡ್ ಬಂದ್ ಮಾಡ್ಲೇನು? ಅವ್ವನ್ನ ಕೇಳಿದೆ. 'ಅಕ್ಕನ್ನ ಕೇಳು, ಬ್ಯಾಂಕಿಂದು ಅಕೀಗೆ ಎಲ್ಲಾ ಗೊತ್ತದ, ಅಕಿ ಹೇಳಿದಂಗ ಮಾಡು' ಅಂದಳು."

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಬ್ಯಾಡಪ್ಪಾ," ಅಂದೆ, "ಅದು ನಿನ್ನ ಎಲ್ಲಾಕ್ಕಿಂತ ಹಳೇ ಖಾತಿ. ಹಂಗ ಇರಲಿ. ಅದರ ವಯಸ್ಸ ಹೋತಂದ್ರ ನೀ ಬ್ಯಾಂಕಿನವರ ಕಣ್ಣಾಗ ನಿನ್ನೆ ಬಂದಾಂವ ಆಗ್ತಿ."

ಅವನು ನಕ್ಕ. "ಇಷ್ಟ ಸಣ್ಣ ವಿಷಯಕ್ಕ ಅಷ್ಟೆಲ್ಲಾ ಆಗತದೇನು ಮಾವಶಿ?"

ಆ ಪ್ರಶ್ನೆಗೆ ಉತ್ತರ ಅವನೇ ಆಗಿದ್ದ. ನಾಲ್ಕು ವರ್ಷದವನಿದ್ದಾಗಿನಿಂದ ಹನ್ನೊಂದು ತುಂಬುವ ತನಕ ತನ್ನ ಅಪ್ಪನನ್ನು ವರ್ಷಕ್ಕೆ ಎರಡು ಸಲ ಮಾತ್ರ ಕಂಡವನು — ನನ್ನ ಎದುರಿಗೆ ಕೂತು ಬಿಸ್ಕೀಟು ತಿನ್ನುತ್ತಿದ್ದ.

ನಿನಗೆ ಒಂಬತ್ತು ತುಂಬಿದ ತಿಂಗಳು ಅಪ್ಪ ಆ ಖಾತೆ ತೆರೆದ. ತಹಸೀಲ ಕಚೇರಿಯ ಗುಮಾಸ್ತ, ಕೈಗೆ ಬರುವ ಸಂಬಳ ಎಷ್ಟೆಂದು ಅವ್ವನಿಗೂ ನಮಗೂ ಗೊತ್ತಿದ್ದದ್ದೇ. ಅಂಥದರಲ್ಲಿ ಮಗಳ ಹೆಸರಲ್ಲಿ ಬ್ಯಾಂಕಿನ ಖಾತೆ ಅಂದರೆ ಓಣಿಯಲ್ಲಿ ದೊಡ್ಡ ಸುದ್ದಿ. ಸಂಬಳವಾದ ಮರುದಿನ ನಿನ್ನ ತಲೆ ಬಾಚಿಸಿ, ಕೈ ಹಿಡಿದುಕೊಂಡು ಹೋಗುತ್ತಿದ್ದ. ಕೌಂಟರು ನಿನ್ನ ಎತ್ತರಕ್ಕೆ ಸಿಗುತ್ತಿರಲಿಲ್ಲವಂತೆ. ಬ್ಯಾಂಕಿನವರು ನಿನಗಾಗಿ ಒಂದು ಸ್ಟೂಲು ಹಾಕುತ್ತಿದ್ದರಂತೆ. ಬಂದಮೇಲೆ ನೀನೇ ಹೇಳುತ್ತಿದ್ದೆ. ನಾನು ಆಗ ಹದಿನಾಲ್ಕರವಳು. ಅವ್ವನ ಜೊತೆ ಒಲೆಯ ಮುಂದೆ ಕೂತು ಜೋಳದ ಭಾಕರಿ ಬಡಿಯುತ್ತ ಕೇಳುತ್ತಿದ್ದೆ.

ಒಮ್ಮೆ ಅವ್ವನನ್ನು ಕೇಳಿದೆ, ನನಗ್ಯಾಕ ಖಾತಿ ಇಲ್ಲ ಅಂತ. "ನಿನ್ನ ಮದುವಿಗೆ ಬಂಗಾರ ಮಾಡ್ಸಾಕತ್ತಾರ. ಅದೇನು ಕಡಿಮಿ ಆತೇನು?" ಅಂದಳು ಅವ್ವ. ನಿಜ. ನನ್ನ ಮದುವೆಯಲ್ಲಿ ಅಪ್ಪ ನನಗೆ ಹಾಕಿದ ಬಂಗಾರ ನಿನ್ನ ಮದುವೆಯ ಹೊತ್ತಿಗೆ ಅವನ ಕೈಯಲ್ಲಿ ಆಗಲಿಲ್ಲ. ಲೆಕ್ಕ ಹಾಕಿದರೆ ನನಗೇ ಹೆಚ್ಚು ಬಂತು. ಆದರೆ ಬಂಗಾರವನ್ನು ಅಪ್ಪ ಪೇಟೆಯಿಂದ ತಂದು ಅವ್ವನ ಕೈಗೆ ಕೊಟ್ಟ. ನಿನ್ನನ್ನು ಕೈ ಹಿಡಿದು ಬ್ಯಾಂಕಿಗೆ ಕರೆದೊಯ್ದ. ನನ್ನ ಹೊಟ್ಟೆ ಉರಿದದ್ದು ಆ ಹಿಡಿದ ಕೈಗೆ. ಅವನು ತಿಂಗಳು ತಿಂಗಳು ಹಾಕುತ್ತಿದ್ದ ಹತ್ತು ರೂಪಾಯಿಗೆ ಅಲ್ಲವೇ ಅಲ್ಲ.

ಆಮೇಲೆ ನಾನೇ ಬ್ಯಾಂಕಿನ ನೌಕರಿಗೆ ಸೇರಿದೆ — ಅದೇ ಬ್ಯಾಂಕು, ಸೊಲ್ಲಾಪುರದ ಹೆಡ್ ಆಫೀಸು. ಮದುವೆಯಾಗಿ ಅದೇ ಊರಿನ ಬಾಳೀವೇಸದಲ್ಲಿ ಮನೆ ಮಾಡಿದ್ದೆವು. ಯಜಮಾನರು ಸಾಲಿ ಮಾಸ್ತರರು. ನೌಕರಿ ಸಿಕ್ಕ ದಿನ ಅಪ್ಪ ಪೇಢೆ ಹಂಚಿದ, ಕಣ್ಣೊರೆಸಿಕೊಂಡ. ಆಗಾದರೂ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆದರೆ ಅವತ್ತು ಅಪ್ಪ ಹೇಳಿದ ಮೊದಲ ಮಾತು ಏನು ಗೊತ್ತೇ? "ಛಲೋ ಆತು ನೋಡು, ಇನ್ನ ಪಮ್ಮಿ ಖಾತಿ ನಮ್ಮ ಮನ್ಯಾಗ ಬಂದಂಗ ಆತು." ನಾನು ಸೇರಿದ್ದು ಅವನಿಗೆ ನಿನ್ನ ಖಾತೆಯ ಕಾವಲಿಗೆ ಸೇರಿದ ಹಾಗೆ ಕಂಡಿತು ಎಂದುಕೊಂಡೆ. ಅವನು ಹಾಗೆ ಅಂದುಕೊಂಡಿರಲಿಕ್ಕಿಲ್ಲ. ಸಂತೋಷದಲ್ಲಿ ಬಂದ ಮಾತು. ಆದರೆ ನಾನು ಅದನ್ನು ಎಷ್ಟು ವರ್ಷ ಒಳಗಿಟ್ಟುಕೊಂಡು ತಿರುವಿ ತಿರುವಿ ನೋಡಿದೆ ಅಂದರೆ —

ಇರಲಿ.

ನನ್ನನ್ನು ಸಾಲದ ವಿಭಾಗಕ್ಕೆ ಹಾಕಿದರು. ಬಂದ ಅರ್ಜಿಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಒಂದು ಹಾಳೆಯ ಟಿಪ್ಪಣಿ ಬರೆದು ಮ್ಯಾನೇಜರ ಸಾಹೇಬರ ಮುಂದೆ ಇಡುವುದು ನನ್ನ ಕೆಲಸ. ಆಗ ಈ ಮೊಬೈಲಿನ ಅಂಕಿ ಎಲ್ಲಿತ್ತು? ಇದ್ದದ್ದು ಸಾಹೇಬರ ತಲೆಯಲ್ಲಿ. ಯಾವ ಅರ್ಜಿ ಇಟ್ಟರೂ ಅವರು ಕೇಳುವ ಮೊದಲ ಪ್ರಶ್ನೆ ಮರಾಠಿಯಲ್ಲಿ ಒಂದೇ: "ಖಾತಂ ಕಿತೀ ವರ್ಷಾಂಚಂ ಆಹೇ?" ಖಾತೆ ಎಷ್ಟು ವರ್ಷದ್ದು? ಅದರಲ್ಲಿ ಎಷ್ಟು ಹಣವಿದೆ ಅನ್ನುವುದು ಎರಡನೆಯ ಪ್ರಶ್ನೆ. ನಡುವೆ ಎಲ್ಲಿಯೂ ತುಂಡಾಗದೆ ಹದಿನೈದು ಇಪ್ಪತ್ತು ವರ್ಷ ನಡೆದ ಖಾತೆಯಿದ್ದರೆ ಒಬ್ಬರ ಜಾಮೀನು ಸಾಕು. ಹೊಸ ಖಾತೆಯಾದರೆ ಇಬ್ಬರು ಜಾಮೀನುದಾರರು, ಮೇಲೆ ಅಡವು. ಮನುಷ್ಯ ನಿಂತ ಜಾಗದಲ್ಲಿ ನಿಲ್ಲುವವನೋ ಇಲ್ಲವೋ ಎಂದು ತಿಳಿಯಲು ಅವರಿಗೆ ಇದ್ದ ದಾರಿ ಅದೊಂದೇ.

ನೀನು ನನ್ನ ಮನೆಗೆ ಬಂದ ಭಾನುವಾರಕ್ಕೆ ಹದಿನೈದು ದಿನ ಮೊದಲು ಇಂಥದೇ ಒಂದು ಅರ್ಜಿ ಮಂಜೂರಾಗಿತ್ತು. ಮಂಗಳವೇಢೆಯ ಕಡೆಯಿಂದ ಬಂದು ಇಲ್ಲಿ ಟವೆಲ್ ಹೊತ್ತು ಮಾರುತ್ತಿದ್ದ ಮನುಷ್ಯ. ಖಾತೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಹದಿನೆಂಟು ವರ್ಷದ ಖಾತೆ. ಸಾಹೇಬರು ಎರಡನೇ ಮಾತಿಲ್ಲದೆ ಸಹಿ ಹಾಕಿದರು. ಟಿಪ್ಪಣಿ ಬರೆದವಳು ನಾನು. ಅದಕ್ಕೇ ಹೇಳುತ್ತಿದ್ದೇನೆ — ನನಗೆ ಗೊತ್ತಿತ್ತು.

ಮಲ್ಲಿನಾಥರು ದುಡಿಯುತ್ತಿದ್ದ ಬಟ್ಟೆ ಮಿಲ್ಲು ಅಷ್ಟರಲ್ಲಿ ನಿಂತು ಎಂಟು ತಿಂಗಳಾಗಿತ್ತು. ಅಕ್ಕಲಕೋಟೆಯಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಬಂದು ಪಾಳಿ ಮಾಡಿ ಹೋಗುತ್ತಿದ್ದ ನಿನ್ನ ಗಂಡ, ಗೇಟಿನ ಬೀಗ ನೋಡಲೆಂದೇ ಮತ್ತೂ ಕೆಲವು ದಿನ ಬಂದು ಹೋದರು. ಸೊಲ್ಲಾಪುರದಲ್ಲಿ ಮಿಲ್ಲಿನ ಭೋಂಗಾ ಕೂಗುವುದು ನಿಂತು ಹೊತ್ತು ಎಷ್ಟಾಯಿತೆಂದೇ ತಿಳಿಯದ ಹಾಗಾಗಿತ್ತು. ನಿನ್ನ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನೀನು ಕಲಿಸುತ್ತಿದ್ದೆ — ಮರಾಠಿ, ಇಂಗ್ಲಿಷು ಎರಡೂ. ಸರಕಾರಿ ನೌಕರಿಯ ಆಸೆಯ ಹುಡುಗ ಹುಡುಗಿಯರು ತಡವಳದಂಥ ಹಳ್ಳಿಗಳಿಂದೆಲ್ಲ ನಿನ್ನ ಹತ್ತಿರ ಬರುತ್ತಿದ್ದರು. ನೀನು ಕಲಿಸಿದವರು ಪರೀಕ್ಷೆಯಲ್ಲಿ ಬೀಳುವುದಿಲ್ಲ ಎಂಬ ಮಾತಿತ್ತು.

ಆ ಭಾನುವಾರ ನೀನು ಶೇಂಗಾ ಚಟ್ನಿಯ ಡಬ್ಬಿ, ಕಡಕ್ ಭಾಕರಿ ಕಟ್ಟಿಕೊಂಡು ಬಂದೆ. ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

"ಅಕ್ಕಾ, ನಮ್ಮ ಟೈಪಿಂಗ್ ಮಾಸ್ತರು ಮಗಳ ಕಡೆ ಪುಣೆಕ್ಕ ಹೊಂಟಾರ. ಇನ್‌ಸ್ಟಿಟ್ಯೂಟ್ ಕೊಡಾಕತ್ತಾರ. ಹನ್ನೆರಡು ಮಷೀನು, ಸರಕಾರದ ಮಾನ್ಯತಾ, ಎಲ್ಲಾ ಸೇರಿಸಿ. ಮೊದಲ ನನ್ನನ್ನ ಕೇಳ್ಯಾರ. ನೀ ತೊಗೊಂಡ್ರ ಮಂದಿ ಮುಂದ ನನ್ನ ಹೆಸರು ಉಳೀತದ ಅಂದ್ರು."

ಮೂವತ್ತು ಸಾವಿರ ಬೇಕಿತ್ತು. ಎರಡು ತಿಂಗಳು ಕಾಯುತ್ತೇನೆ ಅಂದಿದ್ದರು ಮಾಸ್ತರು. ನಿನ್ನ ಮುಖ ಹೇಗಿತ್ತು ಅಂದರೆ — ನಾನು ನಿನ್ನನ್ನು ಹಾಗೆ ಮದುವೆಯ ದಿನವೂ ನೋಡಿರಲಿಲ್ಲ.

ನನ್ನ ಮಗಳು ವೈಶಾಲಿ ಆಗ ಹನ್ನೊಂದರವಳು. ನಿನ್ನ ತೊಡೆಗೆ ಒರಗಿ ಕೂತಿದ್ದಳು. ರಜೆಯಲ್ಲಿ ನಿನ್ನ ಹತ್ತಿರ ಬಂದು ಟೈಪು ಕಲಿತು ಹೋಗಿದ್ದಳಲ್ಲ, ಊಟದ ತಟ್ಟೆಯ ಅಂಚಿನ ಮೇಲೂ ಬೆರಳು ಆಡಿಸುವುದು ಕಲಿತಿದ್ದಳು. ನಿನ್ನ ಮಾತು ಕೇಳಿ ಅವಳು ಅಂದಳು:

"ಮಾವಶಿ, ಅಂದ್ರ ನೀ ಮಾಲಕೀಣ ಆಗ್ತೀ? ನಾನೂ ದೊಡ್ಡಾಕಿ ಆದಮ್ಯಾಲ ನಿನ್ನಂಗ ಆಗ್ತೀನಿ. ಆಯಿ ಹಂಗ ಫೈಲ್ ಹೊರೂದಿಲ್ಲ."

ನೀನು ತಕ್ಷಣ ಅವಳನ್ನು ಗದರಿದೆ. "ಹಂಗ ಅನಬಾರದು. ನಿಮ್ಮ ಆಯಿ ನೌಕರಿ ಮ್ಯಾಲ ನಮ್ಮ ಮನಿ ಎಲ್ಲಾ ನಿಂತಿತ್ತು." ನೀನು ಗದರಿದ್ದೂ ನನಗೆ ಚುಚ್ಚಿತು. ನನ್ನ ಮಾನವನ್ನು ನೀನು ಕಾಯಬೇಕಾಯಿತಲ್ಲ ಎಂದು. ಹೊಟ್ಟೆಕಿಚ್ಚು ಹಿಡಿದವರಿಗೆ ಎದುರಿನವರು ಒಳ್ಳೆಯವರಾಗಿದ್ದಷ್ಟೂ ಸಂಕಟ ಹೆಚ್ಚು, ಪ್ರಮಿಳಾ. ನೀನು ಒಂದಿಷ್ಟು ಸೊಕ್ಕು ತೋರಿಸಿದ್ದರೆ ಬಹುಶಃ ನಾನು —

ಇಲ್ಲ. ಈ ವಾಕ್ಯ ಮುಗಿಸುವುದಿಲ್ಲ. ಇದು ತಪ್ಪನ್ನು ನಿನ್ನ ಕಡೆ ತಳ್ಳುವ ದಾರಿ.

ಊಟವಾದ ಮೇಲೆ ನೀನು ಚೀಲದಿಂದ ಪಾಸ್‌ಬುಕ್ಕು ತೆಗೆದೆ. ಮೇಲೆ ಅಪ್ಪ ಹಾಕಿಕೊಟ್ಟ ಖಾಕಿ ಕಾಗದದ ಹೊದಿಕೆ, ಅದರ ಮೇಲೆ ಅವನ ಕೈಬರಹದಲ್ಲಿ ನಿನ್ನ ತವರಿನ ಹೆಸರು. ಅಪ್ಪ ಹೋದ ಮೇಲೂ, ಮದುವೆಯಾದ ಮೇಲೂ ನೀನು ತಿಂಗಳು ತಪ್ಪಿಸದೆ ಅದರಲ್ಲಿ ಐದೋ ಹತ್ತೋ ಹಾಕುತ್ತ ಬಂದಿದ್ದೆ. ಮಿಲ್ಲು ನಿಂತ ಮೇಲೂ. ಇಪ್ಪತ್ತು ವರ್ಷ, ಒಂದು ತಿಂಗಳೂ ಖಾಲಿಯಿಲ್ಲ. ಸಾಹೇಬರ ಮುಂದೆ ಅದನ್ನು ಇಟ್ಟಿದ್ದರೆ ಅವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

"ಅಕ್ಕಾ, ಇದರ ಮ್ಯಾಲ ಏನಾರ ಆದೀತೇನು? ಇದ್ರಾಗ ರೊಕ್ಕ ಭಾಳ ಇಲ್ಲ ಖರೆ."

ಆ ಗಳಿಗೆಯಲ್ಲಿ ನನಗೆ ಯೋಚಿಸಲು ಸಮಯವಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಪಾಸ್‌ಬುಕ್ಕು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯ ತನಕ ಹಾಳೆ ತಿರುವಿದೆ. ಅಷ್ಟು ಹೊತ್ತು ಇತ್ತು. ನಿನ್ನ ಕೈ ಹಿಡಿದುಕೊಂಡು ಅಪ್ಪ ಹೋದ ಒಂದೊಂದು ತಿಂಗಳೂ ಅಲ್ಲಿ ನೀಲಿ ಶಾಯಿಯಲ್ಲಿತ್ತು. ಕೊನೆಯ ಹಾಳೆ ಮುಚ್ಚಿ ಹೇಳಿದೆ:

"ಇಂಥಾ ಸಣ್ಣ ಖಾತಿ ನೋಡಿದ್ರ ಸಾಹೇಬರು ನಗ್ತಾರ. ಇದನ್ನ ಬಂದ್ ಮಾಡಿಬಿಡು. ಆ ರೊಕ್ಕ ಹಾಕಿ ಇಲ್ಲೇ ಹೆಡ್ ಆಫೀಸಿನ್ಯಾಗ ಮಲ್ಲಿನಾಥರ ಜೋಡಿ ಹೊಸಾ ಖಾತಿ ತೆಗಿ. ಅರ್ಜಿ ನನ್ನ ಟೇಬಲ್ ಮ್ಯಾಲೇ ಬರ್ತದ."

ನೀನು ಪಾಸ್‌ಬುಕ್ಕಿನ ಹೊದಿಕೆಯ ಮೇಲೆ ಕೈ ಇಟ್ಟೆ. "ಅಪ್ಪ ತಗದದ್ದಲ್ಲಕ್ಕಾ ಇದು."

ಆಗ ನಾನು ಆ ಮಾತು ಆಡಿದೆ. ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಒಂದಕ್ಷರ ಮರೆತಿಲ್ಲ.

"ಅಪ್ಪ ಹೋಗಿ ಆರು ವರ್ಷ ಆತು ಪಮ್ಮಿ. ಖಾತಿ ಹಿಡಕೊಂಡು ಕುಂತ್ರ ಅಪ್ಪ ತಿರುಗಿ ಬರ್ತಾನೇನು?"

ನೀನು ಹೊದಿಕೆಯ ಮೇಲಿನ ಕೈ ತೆಗೆದೆ. "ನೀ ಹೇಳ್ತೀ ಅಂದ್ರ ಖರೇನ ಇರತದ ಬಿಡು," ಅಂದೆ.

ನಾಲ್ಕು ದಿನಕ್ಕೆ ಹಳೆಯ ಖಾತೆ ಮುಚ್ಚಿ ನೀನೂ ಮಲ್ಲಿನಾಥರೂ ಹೆಡ್ ಆಫೀಸಿಗೆ ಬಂದಿರಿ. ಹೊಸ ಖಾತೆ ತೆರೆದಿರಿ. ಮೂರು ವಾರ ಬಿಟ್ಟು ಸಾಲದ ಅರ್ಜಿ ನನ್ನ ಮೇಜಿಗೆ ಬಂತು. ಒಂದು ತಪ್ಪಿನಲ್ಲಿ ಮುಗಿಯಿತು ಎಂದುಕೊಳ್ಳಬೇಡ. ಅಲ್ಲಿಂದ ಮುಂದೆ ನನಗೆ ಇನ್ನೂ ಎರಡು ಸಲ ತಿದ್ದಿಕೊಳ್ಳುವ ಅವಕಾಶ ಬಂತು. ಎರಡು ಸಲವೂ ನಾನು ತಿದ್ದಿಕೊಳ್ಳಲಿಲ್ಲ.

ಮೊದಲನೆಯದು ಟಿಪ್ಪಣಿಯ ಹಾಳೆಯಲ್ಲಿ. ಖಾತೆಯ ಅವಧಿ ಎಂಬಲ್ಲಿ "ಮೂರು ವಾರ" ಎಂದು ತುಂಬಿದೆ. ಅದರ ಕೆಳಗೆ ಷರಾ ಬರೆಯಲು ನಾಲ್ಕು ಸಾಲಿನ ಜಾಗವಿರುತ್ತಿತ್ತು. "ಅರ್ಜಿದಾರರು ಅಕ್ಕಲಕೋಟೆ ಶಾಖೆಯಲ್ಲಿ ಇಪ್ಪತ್ತು ವರ್ಷ ಖಾತೆದಾರರಾಗಿದ್ದರು" — ಇಷ್ಟು ಬರೆದಿದ್ದರೆ ಸಾಕಿತ್ತು. ಒಂದು ಸಾಲು. ನಾಲ್ಕೂ ಸಾಲು ಖಾಲಿ ಬಿಟ್ಟು ಹಾಳೆ ತಿರುಗಿಸಿದೆ.

ಎರಡನೆಯದು ಸಾಹೇಬರ ಕೋಣೆಯಲ್ಲಿ. ಅವರು ಹಾಳೆ ನೋಡಿದರು. ಮೂರು ವಾರದ ಖಾತೆ, ಗಂಡನ ಮಿಲ್ಲು ಬಂದ್, ಹೆಂಡತಿ ಖಾಸಗಿ ಕ್ಲಾಸಿನಲ್ಲಿ ಪಾಠ ಹೇಳುವವಳು. ಆದರೂ ಊರು ಅಕ್ಕಲಕೋಟೆ ಎಂದು ಕಂಡು, ತಲೆ ಎತ್ತಿ ಕೇಳಿದರು: "ಸುಶೀಲಾಬಾಈ, ಹ್ಯಾ ಬಾಈ ತುಮಚ್ಯಾ ಓಳಖೀಚ್ಯಾ ಕಾ?" ಈ ಹೆಂಗಸು ನಿಮ್ಮ ಗುರುತಿನವರೇ?

ಮದುವೆಯ ನಂತರ ನಮ್ಮಿಬ್ಬರ ಅಡ್ಡಹೆಸರು ಬೇರೆ. ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ. ನನ್ನ ಒಡಹುಟ್ಟಿದವಳು ಎಂದಿದ್ದರೆ ಅವರು ನಿನ್ನನ್ನು ಕರೆಸಿ ಕೂಡಿಸಿ ಮಾತಾಡುತ್ತಿದ್ದರು. ಕರೆಸಿದ್ದರೆ ನೀನು ಹಳೆಯ ಖಾತೆಯ ಮಾತು ತೆಗೆಯುತ್ತಿದ್ದೆ. ನಾನು ಅಂದೆ, "ಗಾವಾಕಡಚ್ಯಾ ಆಹೇತ." ಊರ ಕಡೆಯವರು.

ಊರ ಕಡೆಯವರು ಅಂದೆ ನಿನ್ನನ್ನು. ಒಂದೇ ಹಾಸಿಗೆಯಲ್ಲಿ ಹದಿನೈದು ವರ್ಷ ಮಲಗಿದವಳನ್ನು.

ಸಾಹೇಬರು ಹಾಳೆಯ ಮೂಲೆಯಲ್ಲಿ ಬರೆದರು — ಖಾತೆ ಹೊಸದು, ಎರಡು ವರ್ಷದ ವ್ಯವಹಾರ ನೋಡಿ ಆಮೇಲೆ ವಿಚಾರ ಮಾಡಬಹುದು. ನಿನಗೆ ಕೊಡುವ ಪತ್ರವನ್ನು ನಾನೇ ಬರೆದೆ. ಅಂಚೆಗೆ ಹಾಕುವುದು ಬಿಟ್ಟು, ಒಳ್ಳೆಯ ಅಕ್ಕನ ಹಾಗೆ ಅರ್ಧ ದಿನ ರಜೆ ಹಾಕಿ ಅಕ್ಕಲಕೋಟೆಗೆ ಬಂದು ಕೈಯಾರೆ ಕೊಟ್ಟೆ. ಯಾಕೆ ಬಂದೆ? ಆಗ ನಿನಗೆ ಸಮಾಧಾನ ಹೇಳಲಿಕ್ಕೆ ಎಂದುಕೊಂಡಿದ್ದೆ. ಈಗ ಕೇಳಿಕೊಂಡರೆ — ನೀನು ಓದುವಾಗ ನಿನ್ನ ಮುಖ ನೋಡಬೇಕಾಗಿತ್ತು ನನಗೆ.

ನೀನು ಬಾಗಿಲ ಬೆಳಕಿಗೆ ಹಿಡಿದು ಓದಿದೆ. ಮಡಚಿದೆ. ಪ್ರಶಾಂತ ನಿನ್ನ ಸೆರಗು ಜಗ್ಗುತ್ತಿದ್ದ, ಅವನನ್ನು ಎತ್ತಿಕೊಂಡೆ.

"ಇರಲಿ ತೊಗೊ ಅಕ್ಕಾ," ಅಂದೆ. "ನಮ್ಮ ಸಲುವಾಗಿ ನೀ ಪಾಪ ಎಷ್ಟ ಓಡಾಡಿದಿ. ಉಂಡು ಹೋಗು."

ನಾನು ಉಂಡೆ. ನೀನು ಎರಡನೇ ಸಲ ಪಲ್ಯ ಬಡಿಸಿದೆ, ಅದನ್ನೂ ಉಂಡೆ.

ಮಾಸ್ತರು ಇನ್ನೊಂದು ತಿಂಗಳು ಕಾದರು ಎಂದು ಆಮೇಲೆ ತಿಳಿಯಿತು. ಆಮೇಲೆ ಸೊಲ್ಲಾಪುರದ ಯಾರೋ ವ್ಯಾಪಾರಸ್ಥರಿಗೆ ಕೊಟ್ಟು ಹೋದರು. ಅವರು ಒಂದೂವರೆ ವರ್ಷ ನಿನ್ನನ್ನು ಕೆಲಸದಲ್ಲಿ ಇಟ್ಟುಕೊಂಡರು. ಜಾಗಕ್ಕೆ ಹೆಚ್ಚು ಬಾಡಿಗೆ ಬರುತ್ತದೆಂದು ಕಂಡ ದಿನ ಮಷೀನು ಮಾರಿ ಅಲ್ಲಿ ಯಾತ್ರಿಕರ ಲಾಡ್ಜು ಮಾಡಿದರು. ನಿನಗೆ ನಾಳೆಯಿಂದ ಬರಬೇಡಿ ಅಂದರು. ಮಲ್ಲಿನಾಥರು ಅಷ್ಟರಲ್ಲಿ ಭಿವಂಡಿಗೆ ಹೋಗಿದ್ದರು, ಪವರ್‌ಲೂಮಿನ ಕೆಲಸಕ್ಕೆ. ಇನ್‌ಸ್ಟಿಟ್ಯೂಟು ನಿನ್ನದಾಗಿದ್ದರೆ ಅವರು ಅದರ ಬಾಗಿಲು ತೆಗೆದು, ಮಷೀನುಗಳಿಗೆ ಎಣ್ಣೆ ಬಿಟ್ಟು, ಫೀ ಬರೆದುಕೊಂಡು ಇರುತ್ತಿದ್ದರು. ಹಾಗೆಂದು ನೀವಿಬ್ಬರೂ ಮಾತಾಡಿಕೊಂಡಿದ್ದಿರಿ. ಅವರು ಏಳು ವರ್ಷ ಅಲ್ಲಿ ಹತ್ತು ಜನರ ಖೋಲಿಯಲ್ಲಿ ಮಲಗಿ ಎದ್ದರು. ದೀಪಾವಳಿಗೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬರುತ್ತಿದ್ದರು. ಒಂದು ದೀಪಾವಳಿಗೆ ಬಂದಾಗ ಪ್ರಶಾಂತ ಅವರನ್ನು ನೋಡಿ ನಿನ್ನ ಹಿಂದೆ ಅಡಗಿಕೊಂಡ. ನಾನೂ ಅಲ್ಲಿದ್ದೆ. ಎಲ್ಲರೂ ನಕ್ಕರು. ಮಲ್ಲಿನಾಥರು ನಕ್ಕು, ಕೈಯಲ್ಲಿದ್ದ ಮಿಠಾಯಿಯ ಡಬ್ಬಿಯನ್ನು ಮಗುವಿಗೆ ಕೊಡಲೋ ಬೇಡವೋ ಎಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದರು.

ಈಗ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು. ಈ ವರ್ಷಗಳೆಲ್ಲ ನಾನು ಒಳಗೊಳಗೇ ಬೆಂದೆ ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿದ್ದೇನೆ, ಹಾಳೆಯ ಹಿಂದೆ ಕಾಣಿಸುತ್ತದೆ ನೋಡು. ನಾನು ಬೇಯಲಿಲ್ಲ. ನಾಲ್ಕೈದು ವರ್ಷ ನಾನು ಸುಖವಾಗಿದ್ದೆ. ಪತ್ರ ಕೊಟ್ಟು ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತೆಂದು ಖುಷಿಪಟ್ಟೆ, ಇಳಿದು ಮಲ್ಲಿಗೆ ಮಾಲೆ ತೆಗೆದುಕೊಂಡೆ. ನೀನು ಕಷ್ಟದಲ್ಲಿದ್ದಾಗ ನಿನಗೆ ಜೋಳ ಕಳಿಸಿದೆ, ಪ್ರಶಾಂತನ ಸಾಲಿಯ ಫೀ ಕೊಟ್ಟೆ, ಹಳೆಯ ಸೀರೆ ಕೊಟ್ಟೆ. ಕೊಡುವವಳ ಜಾಗದಲ್ಲಿ ಕೂತಾಗ ನನಗೆ ನಿನ್ನ ಮೇಲೆ ನಿಜವಾದ ಪ್ರೀತಿ ಬರುತ್ತಿತ್ತು. ಅಂಥ ಪ್ರೀತಿಗೆ ಏನನ್ನಬೇಕು, ನನಗೆ ಗೊತ್ತಿಲ್ಲ. "ಸುಶೀಲಾ ಇದ್ದದ್ದಕ್ಕ ಪಮ್ಮಿ ಬದುಕ್ಯಾಳ" ಎಂದು ಅವ್ವ ಸಾಯುವ ತನಕ ಎಲ್ಲರ ಮುಂದೆ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿದ್ದೆ.

ಆ ಸುಖ ಮುಗಿದದ್ದು ಅಕ್ಕಲಕೋಟೆಯಲ್ಲಿ. ಶಾಖೆಯಲ್ಲಿ ಜನ ಕಡಿಮೆಯೆಂದು ನನ್ನನ್ನು ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿದರಲ್ಲ, ಆಗ. ಲೆಡ್ಜರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಮಾತು ಶುರುವಾಗಿತ್ತು. ಹಳೆಯ ಸಹಿಯ ಕಾರ್ಡುಗಳನ್ನು ಬೇರೆ ಮಾಡುತ್ತಿದ್ದೆವು. ಮುಚ್ಚಿದ ಖಾತೆಗಳ ಕಟ್ಟಿನಲ್ಲಿ ನಿನ್ನ ಕಾರ್ಡು ಬಂತು. ಒಂಬತ್ತು ವರ್ಷದ ಕೈಯ ಸಹಿ, ಅಕ್ಷರ ಒಂದರ ಮೇಲೊಂದು ಹತ್ತಿದ ಹಾಗೆ. ಪಕ್ಕದಲ್ಲಿ ಪಾಲಕ ಎಂದು ಅಪ್ಪನ ಸಹಿ. ನಾನು ಅದನ್ನು ಹಿಡಿದುಕೊಂಡು ಕೂತದ್ದು ಕಂಡು ಕೌಂಟರಿನ ಹಿರಿಯ ಗುಮಾಸ್ತರು ಹತ್ತಿರ ಬಂದರು. ಇನ್ನೇನು ನಿವೃತ್ತಿಯಾಗುವ ಮನುಷ್ಯ, ನಮ್ಮ ಕಡೆಯ ಕನ್ನಡದವರೇ.

"ಈ ಬಾಯಾರು ನಿಮಗ ಗುರುತೇನ್ರಿ?"

"ನನ್ನ ತಂಗಿರಿ," ಅಂದೆ. ಎಷ್ಟೋ ವರ್ಷ ತಡವಾಗಿ ಆ ಮಾತು ಬಾಯಿಗೆ ಬಂತು.

ಅವರು ಕುರ್ಚಿ ಎಳೆದುಕೊಂಡರು. "ಹಂಗೇನ್ರಿ. ಇವರು ಖಾತಿ ಮುಚ್ಚಾಕ ಬಂದ ದಿನ ನಾನೇ ಕೌಂಟರಿನ್ಯಾಗ ಇದ್ದೆ. ಒಂದ್ ರೂಪಾಯಿ ಬಿಟ್ಟು ಉಳದದ್ದು ತೊಗೊಂಡ್ರ ಖಾತಿ ಇರತದೇನ್ರಿ ಅಂತ ಕೇಳಿದ್ರು. ಐದು ರೂಪಾಯಿ ಬಿಡ್ರಿ, ಇರತದ ಅಂದೆ. ಬಾಯಾರ, ಇಪ್ಪತ್ತು ವರ್ಷದ ಖಾತಿ, ಮುಚ್ಚಬ್ಯಾಡ್ರಿ, ಮುಂದ ಸಾಲಾ ಪಾಲಾ ಬೇಕಾದ್ರ ಇದಾ ಕೈ ಹಿಡೀತದ ಅಂತ ಎರಡೆರಡು ಸಲ ಹೇಳಿದೆ. ಭಾಳ ಹೊತ್ತು ನಿಂತ್ರು. ಕೊನೀಗೆ ಅಂದ್ರು, ಇಲ್ಲರಿ, ನಮ್ಮಕ್ಕ ಹೆಡ್ ಆಫೀಸಿನ್ಯಾಗ ಅದಾಳ, ಅಕಿ ಮುಚ್ಚು ಅಂದಾಳ, ಅಕೀಗೆ ಗೊತ್ತಿರತದ ಅಂತ. ಸಹಿ ಮಾಡಿ ಕೊಟ್ಟು ಹೋದ್ರು."

ಹೇಳಿ ಮುಗಿಸಿದ ಮೇಲೆ ಆ ಅಕ್ಕ ಯಾರೆಂದು ಅವರಿಗೆ ಹೊಳೆದಿರಬೇಕು. ನನ್ನ ಮುಖ ನೋಡದೆ ಎದ್ದು ಹೋದರು. ಮೂರು ತಿಂಗಳಲ್ಲಿ ಮತ್ತೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಪ್ರಮಿಳಾ, ಒಬ್ಬ ಪರಿಚಯವಿಲ್ಲದ ಮನುಷ್ಯ ನಿನಗೆ ನಿಜ ಹೇಳಿದ್ದ. ಅದೂ ಎರಡೆರಡು ಸಲ. ನೀನು ಅವನ ನಿಜವನ್ನು ಬಿಟ್ಟು ನನ್ನ ಸುಳ್ಳನ್ನು ಹಿಡಿದೆ, ಅದು ಅಕ್ಕನ ಮಾತು ಎಂಬ ಒಂದೇ ಕಾರಣಕ್ಕೆ. ಅಪ್ಪ ಶುರು ಮಾಡಿ, ಅವನು ಹೋದ ಮೇಲೆ ನೀನು ನಡೆಸಿ, ಇಪ್ಪತ್ತು ವರ್ಷ ನಿನ್ನ ಹೆಸರಿಗೆ ಕೂಡಿದ ನಂಬಿಕೆಯನ್ನು ನಾನು ಒಂದು ಭಾನುವಾರದಲ್ಲಿ ತೆಗೆದೆ. ತೆಗೆಯಲು ಉಪಯೋಗಿಸಿದ್ದು ನೀನು ನನ್ನ ಮೇಲಿಟ್ಟ ನಂಬಿಕೆಯನ್ನೇ. ಗುಮಾಸ್ತರಿಂದ ಅದನ್ನು ಕೇಳಿದ ಸಂಜೆ ನಿನ್ನ ಮನೆ ಅಲ್ಲೇ ಎರಡು ಓಣಿಯಾಚೆ ಇತ್ತು. ಬಂದು ಹೇಳಬಹುದಿತ್ತು. ನಿನ್ನ ಬಾಗಿಲ ತನಕ ಬಂದೆ ಕೂಡ. ಒಳಗೆ ನೀನು ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಕಿಟಕಿಯಿಂದ ನೋಡಿದೆ. ನೆಲದ ಮೇಲೆ ಕೂತಿದ್ದರೂ, ಸೀರೆ ನನ್ನದೇ ಹಳೆಯದಾಗಿದ್ದರೂ, ಮಕ್ಕಳೆಲ್ಲ ನಿನ್ನ ಬಾಯನ್ನೇ ನೋಡುತ್ತಿದ್ದವು. ಹೇಳಲು ಬಂದವಳಿಗೆ ಮತ್ತೆ ಅದೇ ಉರಿ ಎದ್ದಿತು. ನಂಬುತ್ತೀಯಾ? ಅಷ್ಟಾದ ಮೇಲೂ. ತಿರುಗಿ ಬಸ್‌ಸ್ಟ್ಯಾಂಡಿಗೆ ಹೋದೆ.

ನಿನ್ನ ಕಾಲ ಮೇಲೆ ನೀನು ಆಮೇಲೆ ಎದ್ದೆ. ಆ ಹೊಸ ಖಾತೆಗೂ ವಯಸ್ಸಾಯಿತು. ಅದರ ಮೇಲೆ ಸಣ್ಣ ಸಾಲ ಎತ್ತಿ ಕೋರ್ಟಿನ ಎದುರಿಗೆ ಝೆರಾಕ್ಸು, ಅರ್ಜಿ ಟೈಪಿಂಗಿನ ಅಂಗಡಿ ಹಾಕಿದೆ. ಮಲ್ಲಿನಾಥರು ತಿರುಗಿ ಬಂದರು. ಪೂಜೆಯ ದಿನ ನಾನು ಹೊಸ ಸೀರೆ ತಂದು ನಿನಗೆ ಉಡಿ ತುಂಬಿದೆ. ವಕೀಲರೊಬ್ಬರು ಬಂದು ನಿನ್ನನ್ನು "ಮೇಡಂ" ಅಂದಾಗ ನನಗೆ ಏನಾಯಿತೆಂದು ಇಲ್ಲಿ ಬರೆಯಬೇಕಾಗಿಲ್ಲ, ಇಷ್ಟು ಓದಿದ ನಿನಗೆ ತಿಳಿಯುತ್ತದೆ. ನೀನು ಎದ್ದದ್ದು ನನ್ನ ತಪ್ಪನ್ನು ಕಡಿಮೆ ಮಾಡುವುದಿಲ್ಲ. ಎದ್ದವಳು ನೀನು. ನಡುವಿನ ವರ್ಷಗಳು ನನ್ನ ಲೆಕ್ಕಕ್ಕೇ ಇವೆ. ಪ್ರಶಾಂತನ ಬಾಲ್ಯವೂ, ಮಲ್ಲಿನಾಥರ ಏಳು ವರ್ಷವೂ.

ಈಗಲೂ ನಿನ್ನನ್ನು ಕಂಡರೆ ಉರಿಯುತ್ತದೆಯೇ ಎಂದು ನೀನು ಕೇಳಬಹುದು. ಪ್ರಶಾಂತ ಬಂದ ದಿನ, "ಅಕಿ ಹೇಳಿದಂಗ ಮಾಡು" ಎಂದು ನೀನು ಹೇಳಿ ಕಳಿಸಿದೆ ಎಂದು ಕೇಳಿದಾಗ, ನನಗೆ ಮತ್ತೊಮ್ಮೆ ನಿನ್ನ ಮೇಲೆ ಮತ್ಸರವಾಯಿತು. ಒಬ್ಬರನ್ನು ಹೀಗೆ ಪೂರ್ತಿ ನಂಬುವುದು ನಿನಗೆ ಬರುತ್ತದೆ. ನನಗೆ ಯಾರ ಮೇಲೂ ಬರಲಿಲ್ಲ. ಅಪ್ಪನ ಮೇಲೂ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ಕೇಳುವುದೂ ನಿನ್ನಿಂದ ಇನ್ನೊಂದು ತೆಗೆದುಕೊಂಡ ಹಾಗೆ. ವೈಶಾಲಿಗೆ ನಿನ್ನೆ ಎಲ್ಲವನ್ನೂ ಹೇಳಿದ್ದೇನೆ. ಅವಳು "ಮಾವಶಿಗೆ ನೀನಾ ಹೋಗಿ ಹೇಳಬೇಕು, ಫೋನ್‌ನ್ಯಾಗ ಅಲ್ಲ," ಅಂದಳು. ನನಗೂ ಹಾಗೇ ಅನಿಸಿತ್ತು.

ಬರುವ ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಲ್ಲಿನಾಥರೂ ಮನೆಯಲ್ಲಿರಲಿ ಎಂದಷ್ಟೇ ಫೋನಿನಲ್ಲಿ ಹೇಳಿರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಈ ಸಲ ನೀನು ನನ್ನ ಮುಖ ನೋಡು. ನಾನು ಬಂದ ಕೂಡಲೇ ನೀನು ಒಳಗೆ ಹೋಗಿ ಚಹಾಕ್ಕೆ ಇಡುತ್ತೀ, ನನಗೆ ಗೊತ್ತು. ಆಗ ನಾನು ಹೇಳುವುದು ಇಷ್ಟೇ: ಇಡಬೇಡ. ಮೊದಲು ಓದು.